ಮಗಳ ಓಟಕ್ಕೆ ಸಾಕ್ಷಿ ಕೇಳಿದ ಚಳಿಗಾಲ

ಕಳೆದ ವಾರ ನಮ್ಮ ಕಟ್ಟಡದ ಲಿಫ್ಟಿಗೆ ಕಾಲಿಟ್ಟಾಗ ಒಳಗೊಬ್ಬ ಹುಡುಗಿ ನಿಂತಿದ್ದಳು. ಸಲೂನಿನಿಂದ ನೇರ ಬಂದಿದ್ದಳೇನೋ, ಕೂದಲು ನೆಟ್ಟಗೆ ಇಳಿಬಿದ್ದು ಹೊಳೆಯುತ್ತಿತ್ತು. ಗುಂಗುರು ಕೂದಲನ್ನು ನೇರ ಮಾಡುವ ಕ್ರೀಮಿನ ವಾಸನೆ ಎಲ್ಲರಿಗೂ ಗೊತ್ತಿರಲಾರದು. ಕೊಳೆತ ಮೊಟ್ಟೆಯ ಮೇಲೆ ಯಾರೋ ಮಲ್ಲಿಗೆಯ ಸೆಂಟು ಸುರಿದ ಹಾಗಿರುತ್ತದೆ, ಅದರ ಅಡಿಯಲ್ಲಿ ಸ್ವಲ್ಪ ಸುಟ್ಟ ಕೂದಲು. ನಮ್ಮ ಮನೆ ಆರನೆಯ ಮಹಡಿಯಲ್ಲಿ. ನಾನು ನಾಲ್ಕರಲ್ಲೇ ಇಳಿದುಬಿಟ್ಟೆ. ಮೆಟ್ಟಿಲ ಮೇಲೆ ಕೂತು ಅಂಗೈ ನೋಡಿಕೊಂಡೆ. ಹೊರಗೆ ಡಿಸೆಂಬರಿನ ಚಳಿ, ಅಂಗೈ ಮಾತ್ರ ಒದ್ದೆ.

ಮೂರು ವರ್ಷದ ಹಿಂದಿನ ಚಳಿಗಾಲವನ್ನು ನಾನಾಗಿ ನೆನೆಯುವುದಿಲ್ಲ. ಅದೇ ಹೀಗೆ ಲಿಫ್ಟಿನಲ್ಲಿ, ಅಂಗಡಿಯಲ್ಲಿ, ಎಲ್ಲಿಯಾದರೂ ಹಿಡಿದು ನಿಲ್ಲಿಸುತ್ತದೆ.

ನಾನು ಸಿದ್ದಿ. ಹಳಿಯಾಳದ ಕಡೆಯವಳು. ತಲೆಮಾರುಗಳ ಹಿಂದೆ ಆಫ್ರಿಕದಿಂದ ಹಡಗಿನಲ್ಲಿ ಗೋವೆಗೆ ತಂದು ಮಾರಿದ ಜನರ ಮಕ್ಕಳ ಮಕ್ಕಳು ನಾವು. ಘಟ್ಟ ಹತ್ತಿ ತಪ್ಪಿಸಿಕೊಂಡು ಬಂದು ಕಾಡಂಚಿನಲ್ಲಿ ನೆಲೆಯಾದವರು. ಈಗ ಇದನ್ನು ಒಂದೇ ಉಸಿರಿಗೆ ಬರೆದೆ. ಕುವೈತಿಗೆ ಬಂದ ಮೇಲೆ ಹದಿನಾರು ವರ್ಷ ಈ ಮಾತು ನನ್ನ ಬಾಯಿಂದ ಹೊರಬಿದ್ದಿರಲಿಲ್ಲ.

ಕಾರಣ ಸಣ್ಣದು. ಮದುವೆಯಾಗಿ ಬಂದ ಮೂರನೆಯ ದಿನ, ಯಾವುದೋ ಕೌಂಟರಿನಲ್ಲಿ ಕೂತಿದ್ದವನು ನನ್ನ ಪಾಸ್‌ಪೋರ್ಟು ನೋಡಿದ, ಮುಖ ನೋಡಿದ, ಮತ್ತೆ ಪಾಸ್‌ಪೋರ್ಟು ನೋಡಿದ. ‘ಹಿಂದಿ? ನೀನು?’ ಎಂದು ಪಕ್ಕದವನನ್ನೂ ಕರೆದು ತೋರಿಸಿದ. ಹಿಂದಿ ಎಂದರೆ ಇಲ್ಲಿಯವರ ಬಾಯಲ್ಲಿ ಭಾರತದವಳು. ಇಬ್ಬರೂ ನಕ್ಕರು. ಕೆಟ್ಟ ನಗುವೇನಲ್ಲ. ಮೊಹರು ಒತ್ತಿ ಕೊಟ್ಟೂ ಕೊಟ್ಟರು. ಆದರೆ ನನ್ನದೇ ಪಾಸ್‌ಪೋರ್ಟನ್ನು ಕದ್ದು ತಂದವಳ ಹಾಗೆ ಬ್ಯಾಗಿನ ತಳಕ್ಕೆ ತುರುಕಿಕೊಂಡೆ. ಮರುವಾರವೇ ಕನ್ನಡದವರ ಒಂದು ಕೂಟ. ಇಲ್ಲಿ ನಮ್ಮವರು ಹೆಸರಿಗೆ ಮೊದಲು ಊರು ಕೇಳುತ್ತಾರೆ. ಬಾಗಿಲ ಬಳಿ ಮೇಜಿನ ಮೇಲೆ ದಪ್ಪನೆಯ ರಿಜಿಸ್ಟರ್: ಹೆಸರು, ಊರು, ಮನೆಮಾತು, ಫೋನ್ ನಂಬರು. ಪೆನ್ನಿಗೆ ಬಿಳಿ ದಾರ ಕಟ್ಟಿದ್ದರು. ನಾನು ಊರಿನ ಜಾಗದಲ್ಲಿ ‘ಮಂಗಳೂರು’ ಎಂದು ಬರೆದೆ. ನನ್ನ ಗಂಡ ಆಲ್ವಿನ್ ಮೂಡುಬಿದಿರೆಯ ಹತ್ತಿರದವರು, ನಮ್ಮ ಕಡೆ ಕಾರ್ಖಾನೆಯ ಕೆಲಸಕ್ಕೆ ಬಂದಾಗ ನನ್ನನ್ನು ಮೆಚ್ಚಿ ಕಟ್ಟಿಕೊಂಡವರು. ಗಂಡನ ಊರನ್ನು ತನ್ನದೆಂದು ಬರೆಯುವ ಹೆಂಗಸರು ಎಷ್ಟಿಲ್ಲ, ಇದೇನು ಪೂರಾ ಸುಳ್ಳಲ್ಲ ಎಂದುಕೊಂಡೆ. ಅವರು ಹೆದರಿ ಬರೆಯುವುದಿಲ್ಲ, ಅಷ್ಟೇ ವ್ಯತ್ಯಾಸ.

ಆಮೇಲೆ ಆ ಒಂದು ಪದವನ್ನು ಕಾಯುವುದೇ ಕೆಲಸವಾಯಿತು. ಇಲ್ಲಿ ವಾರದ ರಜೆ ಶುಕ್ರವಾರ, ಇಗರ್ಜಿಯ ಪೂಜೆಗೆ ಹೋಗುವುದೂ ಅಂದೇ. ಆದ್ದರಿಂದ ಪ್ರತಿ ಗುರುವಾರ ಸಂಜೆ ನನ್ನ ಕೂದಲಿಗೆ, ಮಗಳು ದೊಡ್ಡವಳಾದ ಮೇಲೆ ಅವಳ ಕೂದಲಿಗೂ ಕ್ರೀಮು, ಆಮೇಲೆ ಇಸ್ತ್ರಿ. ರೋಶನಿ ಕಣ್ಣು ಮುಚ್ಚಿ ಸ್ಟೂಲಿನ ಮೇಲೆ ಕೂರುತ್ತಿದ್ದಳು. ಯಾಕೆಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

ಆ ವರ್ಷ ಅವಳಿಗೆ ಹದಿನೈದು. ಆರು ತಿಂಗಳಿಂದ ಬೆಳಿಗ್ಗೆ ಐದಕ್ಕೆ ಎದ್ದು ಫಿಂಟಾಸ್‌ನ ಕಡಲ ದಂಡೆಯ ದಾರಿಯಲ್ಲಿ ಓಡುತ್ತಿದ್ದಳು. ಹಿಂದೆ ನಾನು ಶಾಲು ಹೊದ್ದು ಅವಳ ನೀರಿನ ಬಾಟಲಿ ಹಿಡಿದು ನಡೆಯುತ್ತಿದ್ದೆ. ನವೆಂಬರಿನಲ್ಲಿ ಶಾಲೆ ಶಾಲೆಗಳ ನಡುವಿನ ಎಂಟುನೂರು ಮೀಟರಿನಲ್ಲಿ ಅವಳು ಮೊದಲು ಬಂದಳು. ಹೊಟ್ಟೆ ತುಂಬಿದ ಹಾಗಾಗಿತ್ತು ನನಗೆ.

ವಿಶ್ವನಾಥ್ ಎಂಬುವವರೊಬ್ಬರು ಶುಕ್ರವಾರ ಮಧ್ಯಾಹ್ನ ಫೋನಿನಲ್ಲಿ ಆಟೋಟದ ಕಾರ್ಯಕ್ರಮ ನಡೆಸುತ್ತಿದ್ದರು. ಮೈಸೂರಿನ ಕಡೆಯವರು, ಬ್ಯಾಂಕಿನಲ್ಲಿ ಒಳ್ಳೆಯ ಕೆಲಸ, ಎಲ್ಲರಿಗೂ ವಿಶ್ವಣ್ಣ. ಊಟದ ಹೊತ್ತಿಗೆ ನೇರವಾಗಿ ಬರುವ ಆ ಕಾರ್ಯಕ್ರಮವನ್ನು ನೋಡದ ಕನ್ನಡದ ಮನೆ ಇಲ್ಲಿ ಕಡಿಮೆ. ಅವರು ರೋಶನಿಯನ್ನು ಕರೆಸಿ ಕೂರಿಸಿ, ‘ಏನಮ್ಮಾ ನಿನ್ನ ವೇಗದ ಗುಟ್ಟು?’ ಎಂದು ಕೇಳಿದರು.

ನಾನು ಮನೆಯಲ್ಲಿ ದೋಸೆ ಹುಯ್ಯುತ್ತ ಕೇಳುತ್ತಿದ್ದೆ. ‘ಗುಟ್ಟು ಏನಿಲ್ಲ ಅಂಕಲ್, ಪ್ರಾಕ್ಟೀಸ್’ ಎಂದಳು. ಆಮೇಲೆ ನಗುತ್ತ, ‘ಮತ್ತೆ ನನ್ನ ಮಮ್ಮಿ ಸಿದ್ದಿ. ಅಜ್ಜಿ ಹೇಳ್ತಾರೆ, ನಾನು ಅವರ ಕಡೆ ಅಂತ.’

ದೋಸೆ ಹೊತ್ತಿದ್ದು ಮೂಗಿಗೆ ತಿಳಿಯಿತು, ಕೈಗೆ ತಿಳಿಯಲಿಲ್ಲ. ರಜೆಯಲ್ಲಿ ಊರಿಗೆ ಹೋದಾಗ ನನ್ನ ಅವ್ವ ಅವಳಿಗೆಲ್ಲ ಹೇಳಿದ್ದಳಂತೆ. ಹೇಳದೆ ಏನು ಮಾಡುತ್ತಾಳೆ, ಅವಳೇನು ರಿಜಿಸ್ಟರ್ ಬರೆದವಳೇ?

ಮರು ಶುಕ್ರವಾರ ವಿಶ್ವಣ್ಣನಿಗೆ ಹಬ್ಬ. ‘ಸ್ವಾಮೀ, ನಾವೆಲ್ಲ ಸ್ಕೂಟರು, ಇದು ರೈಲು! ಇಂಜಿನ್ನೇ ಬೇರೆ! ಕಾಡಿನ ರಕ್ತ ಸ್ವಾಮೀ ಅದು, ಆಫ್ರಿಕಾದ ರಕ್ತ! ಇವಳಿಗೆ ಪ್ರಾಕ್ಟೀಸ್ ಯಾಕ್ರೀ?’ ಕೆಳಗೆ ಚಪ್ಪಾಳೆಯ ಚಿತ್ರಗಳು ಸಾಲುಗಟ್ಟಿ ಹರಿದವು. ಹೊಗಳಿಕೆಯೇ ತಾನೇ. ಆದರೂ ರೋಶನಿ ತಟ್ಟೆಯ ಮೇಲೆ ಚಮಚ ಇಟ್ಟುಬಿಟ್ಟಳು. ‘ಐದು ಗಂಟೆಗೆ ಏಳ್ತಿದ್ದದ್ದು ಇಂಜಿನ್ನಾ ಮಮ್ಮಿ?’

ನನ್ನ ಹೆದರಿಕೆ ಬೇರೆಯದಾಗಿತ್ತು. ಇಗರ್ಜಿಯಲ್ಲಿ ಪಕ್ಕದ ಬೆಂಚಿನವರು ನನ್ನ ಮುಖವನ್ನು ಹೊಸದಾಗಿ ನೋಡುತ್ತಿದ್ದರು. ‘ನೀವು ಮಂಗಳೂರು ಅಂದಿದ್ರಲ್ವಾ?’ ಎಂದು ಒಬ್ಬರು ಕೇಳಿದರು, ಬಲು ಮೆಲ್ಲಗೆ. ‘ಅದು ಇವರ ಊರು’ ಎಂದೆ, ಅವರಿಗಿಂತ ಮೆಲ್ಲಗೆ. ಅಡುಗೆಮನೆಯ ಕಲ್ಲಿನ ಮೇಲೆ ಫೋನು ನಡುಗಿದಾಗಲೆಲ್ಲ ಅದನ್ನು ಮಗುಚಿ ಇಡುತ್ತಿದ್ದೆ.

ಜನವರಿಯಲ್ಲಿ ಇನ್ನೊಂದು ಓಟ. ಆ ದಿನ ಗಾಳಿಯಲ್ಲಿ ಧೂಳು, ಕಡಲು ಕಾಣುತ್ತಿರಲಿಲ್ಲ. ರೋಶನಿ ನಾಲ್ಕನೆಯವಳಾಗಿ ಬಂದಳು. ಓಡುವವರು ಒಂದು ದಿನ ಗೆಲ್ಲುತ್ತಾರೆ, ಒಂದು ದಿನ ಸೋಲುತ್ತಾರೆ, ಅಷ್ಟೇ ಎಂದುಕೊಂಡು ಮನೆಗೆ ಬಂದು ಗಂಜಿ ಮಾಡಿಕೊಟ್ಟೆ.

ಶುಕ್ರವಾರ ವಿಶ್ವಣ್ಣ ಅರ್ಧ ಗಂಟೆ ಅವಳ ಬಗ್ಗೆಯೇ ಮಾತಾಡಿದರು. ‘ನಾನು ಯಾರ ಮೇಲೂ ಆರೋಪ ಮಾಡ್ತಿಲ್ಲ. ಪ್ರಶ್ನೆ ಕೇಳ್ತಿದೀನಿ, ಅಷ್ಟೆ. ನಿಜವಾದ ಸಿದ್ದಿ ಹುಡುಗಿ ನಾಲ್ಕನೇ ಸ್ಥಾನಕ್ಕೆ ಬರ್ತಾಳಾ?’ ಪರದೆಯ ಮೇಲೆ ರೋಶನಿಯ ಫೋಟೋ. ‘ನೋಡಿ ಈ ಕೂದಲು. ಸಿದ್ದಿ ಕೂದಲಾ ಇದು? ಮಾತಾಡಿದ್ರೆ ಕಾನ್ವೆಂಟ್ ಇಂಗ್ಲಿಷು. ಕಾಡು ನೋಡಿದಾಳಾ? ಬರಿಗಾಲಲ್ಲಿ ಓಡಿದಾಳಾ? ಎ.ಸಿ. ಫ್ಲ್ಯಾಟ್ ಸಿದ್ದಿ!’ ಆಮೇಲೆ ಸ್ವಲ್ಪ ತಡೆದು, ರಹಸ್ಯ ಹೇಳುವವರ ಹಾಗೆ, ‘ಊರಿಗೆ ಹೋದ ಮೇಲೆ ಒಂದು ಸರ್ಟಿಫಿಕೇಟು, ಒಂದು ಸೀಟು... ನಾನೇನೂ ಹೇಳ್ತಿಲ್ಲಪ್ಪ.’

ಕೊನೆಗೆ ಒಂದು ಹಳದಿ ಹಾಳೆ ಪರದೆ ತುಂಬ ಬಂತು. ಹದಿನಾರು ವರ್ಷದ ಹಿಂದಿನ ರಿಜಿಸ್ಟರ್. ಯಾರು ಹುಡುಕಿ ಕೊಟ್ಟರೋ ಇಂದಿಗೂ ಗೊತ್ತಿಲ್ಲ. ನನ್ನ ಹೆಸರು, ಊರು: ಮಂಗಳೂರು. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ದುಂಡಗಿನ ಅಕ್ಷರ, ಒಂದೂ ಗೆರೆ ದಾಟಿರಲಿಲ್ಲ.

ಮಗಳ ಮೇಲಿನ ಆರೋಪಕ್ಕೆ ಸಾಕ್ಷಿ ನನ್ನ ಕೈಬರಹ. ಕೂದಲು ನೇರ ಮಾಡಿದ್ದು ನನ್ನ ಕೈ.

ರೋಶನಿ ಅಳಲಿಲ್ಲ. ಓಟದ ಬೂಟನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಂಟು ಬಿಗಿದು ಬಟ್ಟೆ ಒಗೆಯುವ ಮೆಷಿನ್ನಿನ ಹಿಂದೆ ತುರುಕಿದಳು. ಮರುದಿನ ಬೆಳಿಗ್ಗೆ ಐದಕ್ಕೆ ನಾನು ಬಾಗಿಲ ಬಳಿ ಶಾಲು ಹೊದ್ದು ನಿಂತೆ, ಅವಳು ಏಳಲಿಲ್ಲ. ಮಾರನೆಯ ದಿನವೂ ಇಲ್ಲ. ಫೆಬ್ರವರಿಯಲ್ಲಿ ಕನ್ನಡದವರ ಕ್ರೀಡಾಕೂಟವಿತ್ತು, ಹೆಸರು ಆಗಲೇ ಕೊಟ್ಟಾಗಿತ್ತು.

‘ಹೆಸರು ವಾಪಸ್ ತಗೋ ಮಮ್ಮಿ’ ಎಂದಳು.

‘ಯಾಕಮ್ಮಾ?’

‘ಗೆದ್ದರೆ ಸಿದ್ದಿ ರಕ್ತ ಗೆದ್ದಿತು ಅಂತಾರೆ. ಸೋತರೆ ನಾನು ಸಿದ್ದಿಯೇ ಅಲ್ಲ ಅಂತಾರೆ. ದೆನ್ ವೆನ್ ಡು ಐ ರನ್?’ ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ‘ಕ್ಲಾಸಲ್ಲಿ ಹುಡುಗಿಯರು, ಆಫ್ರಿಕನ್‌ನಲ್ಲಿ ಏನಾದ್ರೂ ಮಾತಾಡು ಅಂತಾರೆ. ನೀನು ಯಾಕೆ ಹಾಗೆ ಬರೆದೆ?’

ಅವಳ ಹೊದಿಕೆಯ ಅಂಚು ಮಡಚಿದೆ, ಬಿಚ್ಚಿದೆ, ಮತ್ತೆ ಮಡಚಿದೆ.

ವಿಶ್ವಣ್ಣ ಫೋನು ಮಾಡಿದರು. ದನಿಯಲ್ಲಿ ಬೆಣ್ಣೆ. ‘ಅಮ್ಮಾ, ತಪ್ಪು ತಿಳೀಬೇಡಿ. ನಮ್ಮದು ಓಪನ್ ವೇದಿಕೆ. ನೀವೇ ಬಂದು ಕ್ಲಾರಿಫೈ ಮಾಡಿಬಿಡಿ, ಜನಕ್ಕೂ ಸಮಾಧಾನ ಆಗತ್ತೆ.’

ಆಲ್ವಿನ್ ಬೇಡವೆಂದರು. ಅವರಿಗೆ ಮೀನಾ ಅಬ್ದುಲ್ಲಾದ ತೈಲ ಕಾರ್ಖಾನೆಯಲ್ಲಿ ಕಾಂಟ್ರಾಕ್ಟ್ ಕೆಲಸ. ‘ಎಂತ ಹೇಳುದು ನೀನು ಅಲ್ಲಿ ಹೋಗಿ? ನಮ್ಮ ಮ್ಯಾನೇಜರ್ ಮತ್ತೆ ಆ ಮನುಷ್ಯ ದಿನಾ ಬೆಳಿಗ್ಗೆ ಒಟ್ಟಿಗೆ ಶಟ್ಲ್ ಆಡ್ತಾರೆ, ಗೊತ್ತುಂಟಾ? ಮಾರ್ಚಿಗೆ ಇಕಾಮಾ ರಿನ್ಯೂ ಆಗ್ಬೇಕು. ಒಂದು ಮಾತು ಸಾಕು ಮಾರಾಯ್ತಿ, ಖಲಾಸ್. ಸುಮ್ನಿರು. ಜನ ಮರೀತಾರೆ.’

ಬೈದದ್ದಲ್ಲ ಅದು. ದನಿ ಪೂರ್ತಿ ತಗ್ಗಿಸಿ ಹೇಳಿದರು. ಗೋಡೆಯ ಆಚೆಗೆ ಕೇಳಿಸೀತೆಂದು. ಹದಿನಾರು ವರ್ಷ ನಾವಿಬ್ಬರೂ ಹಾಗೆಯೇ ಬದುಕಿದ್ದು. ಇಕಾಮಾ, ಅಂದರೆ ಇಲ್ಲಿ ಇರಲು ಕೊಡುವ ಅನುಮತಿಯ ಕಾಗದ, ಅದರ ಮೇಲಿನ ತಾರೀಖಿನಿಂದ ತಾರೀಖಿಗೆ, ಸದ್ದು ತಗ್ಗಿಸಿಕೊಂಡು.

ನಾನು ಕೆಳಗಿನ ಮನೆಯ ಮೈಮುನಾಳ ಬಳಿ ಹೋದೆ. ಬಂಟ್ವಾಳದ ಕಡೆಯ ಬ್ಯಾರಿ ಹೆಂಗಸು, ಗಂಡನಿಗೆ ಪಕ್ಕದ ಬೀದಿಯಲ್ಲಿ ದಿನಸಿ ಅಂಗಡಿ. ಅವಳು ಅಕ್ಕಿಯ ಪತ್ತಿರ್ ಬೇಯಿಸುತ್ತಿದ್ದಳು. ನಿಂತುಕೊಂಡೇ ಹೇಳಿಬಿಟ್ಟೆ, ‘ಮೈಮುನಾ, ನಾನು ಸಿದ್ದಿ.’

ಅವಳು ರೊಟ್ಟಿ ತಿರುವಿ ಹಾಕಿದಳು. ‘ಮತ್ತೆ? ಇನ್ನೆಂತ ಹೊಸತು?’

‘ನಿನಗೆ ಗೊತ್ತಿತ್ತಾ?’

‘ನಮಗೆ ಕಣ್ಣಿಲ್ವಾ ಫಿಲೋಮಿನಕ್ಕ? ನೀವು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ. ಪಾಪ, ಅವರಿಗೆ ಹೇಳ್ಲಿಕ್ಕೆ ಇಷ್ಟ ಇಲ್ಲ ಅಂತ ಬಿಟ್ಟೆ.’ ಸಟ್ಟುಗ ಎತ್ತಿ ಜೋರಾಗಿ ನಕ್ಕಳು. ‘ಆ ವಿಶ್ವಣ್ಣನ ಲೆಕ್ಕ ಕೇಳಿದ್ರೆ ಬ್ಯಾರಿ ಅಂದ್ರೆ ವ್ಯಾಪಾರ ರಕ್ತದಲ್ಲೇ ಬರ್ಬೇಕಲ್ಲ? ನಮ್ಮವರು ಮೂರು ಅಂಗಡಿ ಮುಚ್ಚಿ ಇದು ನಾಲ್ಕನೇದು. ಹಾಗಾದ್ರೆ ನಾನು ಯಾರನ್ನ ಮದುವೆ ಆದದ್ದು? ಕೇಳಿ ಬನ್ನಿ ಅವರತ್ರ!’

ನಾನೂ ನಕ್ಕೆ. ನಗುತ್ತಿದ್ದಂತೆ ಅಳು ಬಂತು. ಎಲ್ಲರಿಗೂ ಕಾಣುತ್ತಿದ್ದುದನ್ನು ನಾನು ಹದಿನಾರು ವರ್ಷ ಸೆರಗಿನಡಿ ಹಿಡಿದುಕೊಂಡು ಓಡಾಡಿದ್ದೆ.

ಹೋಗಿಯೇ ತೀರುತ್ತೇನೆ ಎಂದು ನಾನು ಹಟ ಹಿಡಿದ ಮೇಲೆ, ಶುಕ್ರವಾರ ಆಲ್ವಿನ್ನೇ ವಿಶ್ವಣ್ಣನ ಕಾರ್ಯಕ್ರಮಕ್ಕೆ ಕಾರಿನಲ್ಲಿ ಕರೆದುಕೊಂಡು ಹೋದರು. ಒಳಗೆ ಬರಲಿಲ್ಲ, ಇಂಜಿನು ಆರಿಸಲಿಲ್ಲ. ನಾವು ಏನನ್ನೋ ಕದ್ದು ಓಡಿಹೋಗಬೇಕಾದವರ ಹಾಗೆ ಕಾರು ಗುರುಗುಡುತ್ತ ನಿಂತಿತ್ತು. ಮೈಮುನಾ ನನ್ನ ಜೊತೆ ಮೇಲೆ ಬಂದು ಬಾಗಿಲ ಬಳಿಯ ಕುರ್ಚಿಯಲ್ಲಿ ಪರ್ಸು ತೊಡೆಯ ಮೇಲಿಟ್ಟು ಕೂತಳು. ಸಣ್ಣ ಕೋಣೆ, ಗೋಡೆಗೆ ಹಸಿರು ಬಟ್ಟೆ, ಕೋಲಿಗೆ ಸಿಕ್ಕಿಸಿದ ಫೋನು. ವಿಶ್ವಣ್ಣ ನೀರಿನ ಲೋಟ ನನ್ನ ಕಡೆ ಸರಿಸಿದರು. ಅವರ ಅಂಗಿಯ ತೋಳಿನ ಗುಂಡಿ ಒಡೆದಿತ್ತು. ನನಗೆ ಆ ಗುಂಡಿ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

‘ರಿಜಿಸ್ಟರಲ್ಲಿ ಮಂಗಳೂರು ಅಂತ ಬರೆದವರು ಯಾರಮ್ಮಾ?’

‘ನಾನು.’

‘ಅಂದ್ರೆ ಅದು ನಿಜ?’

‘ಅಲ್ಲ. ಸುಳ್ಳು ಬರೆದೆ. ನಾನು ಹಳಿಯಾಳದ ಕಡೆಯ ಸಿದ್ದಿ.’

‘ಯಾಕಮ್ಮಾ ಸುಳ್ಳು?’

‘ಹೆದರಿಕೆ ಸರ್.’

‘ಯಾರ ಹೆದರಿಕೆ? ಇಲ್ಲಿ ಎಲ್ಲ ನಮ್ಮವರೇ ಅಲ್ವಾ?’ ಎಂದು ಅವರು ಫೋನಿನ ಕಡೆ ನೋಡಿ ನಕ್ಕರು. ‘ಸರಿ, ಒಪ್ಪೋಣ. ನೀವು ಸಿದ್ದಿ ಅಂತಲೇ ಇಟ್ಕೊಳ್ಳೋಣ. ಆದ್ರೆ ಆ ವೇಗ, ಆ ರಕ್ತ ಮಗಳಲ್ಲಿ...’

ಅಲ್ಲಿಯವರೆಗೆ ನಾನು ಕಂಠಪಾಠ ಮಾಡಿಕೊಂಡು ಹೋಗಿದ್ದೆ. ಮುಂದಿನದು ಎಲ್ಲಿಂದ ಬಂತೋ ಗೊತ್ತಿಲ್ಲ. ಯಾರಿಗೂ ಹೇಳಿರದ ಮಾತು, ಆಲ್ವಿನ್ನಿಗೂ.

‘ಸರ್, ನನ್ನ ಅಪ್ಪ ಸಿದ್ದಿ, ಅವ್ವ ಸಿದ್ದಿ. ನಾನು ಓದಿದ್ದು ಸಿಸ್ಟರುಗಳ ಬೋರ್ಡಿಂಗಿನಲ್ಲಿ. ನನಗೆ ಇಷ್ಟ ಇದ್ದದ್ದು ಕಸೂತಿ. ಆದರೆ ಸ್ಪೋರ್ಟ್ಸ್ ಡೇ ಬಂದರೆ ನನ್ನನ್ನು ಕೇಳದೇ ಓಟಕ್ಕೆ ಹೆಸರು ಬರೀತಿದ್ದರು. ಸಿದ್ದಿ ಹುಡುಗಿ, ಓಡ್ತಾಳೆ ಅಂತ. ಐದು ವರ್ಷ ಓಡಿದೆ. ಐದೂ ವರ್ಷ ಕೊನೆಯವಳಾಗಿ ಬಂದೆ. ಇಡೀ ಶಾಲೆ ನಗುತ್ತಿತ್ತು, ಎಂಥಾ ಸಿದ್ದಿನೇ ನೀನು ಅಂತ. ಈಗ ನೀವೇ ಹೇಳಿ, ನನ್ನದು ಯಾವ ರಕ್ತ?’

ವಿಶ್ವಣ್ಣ ಬಾಯಿ ತೆರೆದರು. ಬಾಗಿಲ ಬಳಿ ಮೈಮುನಾಳ ಪರ್ಸು ಜಾರಿ ಬಿದ್ದ ಸದ್ದು ಕೇಳಿತು.

‘ನನ್ನ ಮಗಳು ಆರು ತಿಂಗಳು ಐದು ಗಂಟೆಗೆ ಎದ್ದಿದ್ದಾಳೆ ಸರ್. ನಾನು ಹಿಂದೆ ಬಾಟಲಿ ಹಿಡಿದು ನಡೆದಿದ್ದೇನೆ. ನೋಡಿದವಳು ನಾನು. ಅವಳು ಗೆದ್ದದ್ದನ್ನು ಅಜ್ಜಿಗೆ ಕೊಡಬೇಡಿ, ಸೋತದ್ದನ್ನು ನನ್ನ ರಿಜಿಸ್ಟರಿಗೆ ಕೊಡಬೇಡಿ.’

‘ಒಂದು ಸಣ್ಣ ವಿರಾಮ’ ಎಂದರು ಅವರು.

ಧೈರ್ಯ ಎಂದು ಆಮೇಲೆ ಕೆಲವರು ಹೇಳಿದರು. ಮೆಟ್ಟಿಲು ಇಳಿಯುವಾಗ ಮೈಮುನಾ ನನ್ನ ರಟ್ಟೆ ಹಿಡಿಯದೇ ಇದ್ದಿದ್ದರೆ ನಾನು ಉರುಳಿ ಬೀಳುತ್ತಿದ್ದೆ. ಸಂಜೆಯ ಹೊತ್ತಿಗೆ ಒಂದು ತುಣುಕು ಫೋನಿಂದ ಫೋನಿಗೆ ಹಾರಿತು. ಅದರಲ್ಲಿ ಇದ್ದದ್ದು ಒಂದೇ, ‘ಸುಳ್ಳು ಬರೆದೆ’ ಎನ್ನುವ ನಾನು. ಮುಂದಿನದು, ಹಿಂದಿನದು ಇಲ್ಲ. ಆ ವರ್ಷ ಆಲ್ವಿನ್ನರ ಇಕಾಮಾ ಮಾರ್ಚಿನ ಕೊನೆಯವರೆಗೂ ಬರಲಿಲ್ಲ. ಬಂದದ್ದು ಕೊನೆಯ ವಾರ. ಅದಕ್ಕೂ ಇದಕ್ಕೂ ಸಂಬಂಧ ಇತ್ತೋ ಇಲ್ಲವೋ ಇಂದಿಗೂ ಗೊತ್ತಾಗಿಲ್ಲ. ಗೊತ್ತಾಗದೇ ಇರುವುದಕ್ಕೇ ಇಲ್ಲಿ ನಾವು ಹೆದರುವುದು.

ಮನೆಗೆ ಬಂದಾಗ ರೋಶನಿ ಸೋಫಾದ ಮೇಲೆ ಮೊಣಕಾಲು ಅಪ್ಪಿಕೊಂಡು ಕೂತಿದ್ದಳು. ಎಷ್ಟು ನೋಡಿದಳೋ ಎಂದು ನನಗೆ ಭಯ. ಚಪ್ಪಲಿಯನ್ನು ನಿಧಾನ ಬಿಚ್ಚಿದೆ.

‘ಐದು ವರ್ಷವೂ ಲಾಸ್ಟಾ?’ ಎಂದಳು.

‘ಹೂಂ.’

‘ಎಷ್ಟು ಲಾಸ್ಟ್?’

‘ಒಂದು ವರ್ಷ ನಾನು ಮುಗಿಸುವಷ್ಟರಲ್ಲಿ ಸಿಸ್ಟರು ಮುಂದಿನ ಓಟದ ಶಿಳ್ಳೆ ಊದಿಬಿಟ್ಟಿದ್ದರು.’

ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ನಗು ತಡೆಯಲಾಗಲಿಲ್ಲ. ಮೂರು ವಾರದಲ್ಲಿ ಮೊದಲ ಸಲ. ಮರುದಿನ ಮೆಷಿನ್ನಿನ ಹಿಂದೆ ಚೀಲ ಇರಲಿಲ್ಲ. ನಾನು ಶಾಲು ಹೊದ್ದುಕೊಂಡೆ.

ಕ್ರೀಡಾಕೂಟದ ಹಿಂದಿನ ಸಂಜೆ ಅವಳ ತಲೆ ತೊಳೆದು, ಗುಂಗುರನ್ನು ಹಾಗೆಯೇ ಒಣಗಲು ಬಿಟ್ಟೆ. ಇನ್ನು ಇಸ್ತ್ರಿ ಬೇಡವೆಂದು ನಾನೇ ತೀರ್ಮಾನ ಮಾಡಿದ್ದೆ, ಸ್ವಲ್ಪ ಹೆಮ್ಮೆಯಿಂದಲೇ. ಅವಳು ಕನ್ನಡಿ ನೋಡಿಕೊಂಡು ಸ್ಟೂಲು ಎಳೆದುಕೊಂಡಳು. ‘ಸ್ಟ್ರೈಟ್ ಮಾಡು ಮಮ್ಮಿ. ಓಡುವಾಗ ಕಟ್ಟಲಿಕ್ಕೆ ನನಗೆ ಅದೇ ಈಸಿ. ಈಗ ಗುಂಗುರಲ್ಲಿ ಹೋದರೆ ಅದು ಆ ಅಂಕಲ್‌ಗೋಸ್ಕರ ಹೋದಂಗೆ.’ ನಾನು ಇಸ್ತ್ರಿ ಬಿಸಿಗಿಟ್ಟೆ.

ಓಟದ ದಿನ ಬೇಲಿಯ ತಂತಿಗೆ ಬೆರಳು ಸಿಕ್ಕಿಸಿ ನಿಂತಿದ್ದೆ. ಮೈಕು ವಿಶ್ವಣ್ಣನದೇ. ಎಂಟು ಹುಡುಗಿಯರು, ಎರಡು ಸುತ್ತು. ಮೊದಲ ಸುತ್ತಿನಲ್ಲಿ ರೋಶನಿ ಎಲ್ಲರಿಗಿಂತ ಮುಂದೆ, ಬಹಳ ಮುಂದೆ. ಜಪಸರ ಕೈಯಲ್ಲಿತ್ತು. ಏನೆಂದು ಬೇಡಿಕೊಳ್ಳಲಿ? ಗೆಲ್ಲಲಿ ಎಂದರೆ ಮತ್ತೆ ರೈಲು, ಇಂಜಿನು. ಸೋಲಲಿ ಎಂದು ಯಾವ ತಾಯಿ ಬೇಡುತ್ತಾಳೆ? ಮಣಿಯಿಂದ ಮಣಿಗೆ ಬೆರಳು ಹೋಗುತ್ತಿತ್ತು, ಬಾಯಲ್ಲಿ ಪ್ರಾರ್ಥನೆಯೇ ಇರಲಿಲ್ಲ. ಎರಡನೆಯ ಸುತ್ತಿನ ತಿರುವಿನಲ್ಲಿ ಅವಳ ಭುಜಗಳು ಬಿಗಿದವು. ಒಬ್ಬಳು ದಾಟಿದಳು. ಇನ್ನೊಬ್ಬಳು ದಾಟಿದಳು. ನನ್ನ ಸುತ್ತಲಿನವರು ಓಟ ಬಿಟ್ಟು ನನ್ನ ಮುಖ ನೋಡುತ್ತಿದ್ದಾರೆಂದು ಅನ್ನಿಸಿತು. ತಂತಿ ಬೆರಳಿಗೆ ಕೊರೆಯುತ್ತಿತ್ತು.

‘ಮೂರನೇ ಸ್ಥಾನ...’ ಎಂದು ಮೈಕಿನಲ್ಲಿ ಕೇಳಿತು. ಆಮೇಲೆ ಬರೀ ಗೊರಗೊರ. ಮುಂದೇನು ಹೇಳುತ್ತಾರೋ ಎಂದು ಉಸಿರು ಹಿಡಿದೆ. ‘ರೋಶನಿ’ ಎಂದರು. ಅಷ್ಟಕ್ಕೇ ನಿಲ್ಲಿಸಿ ಮುಂದಿನ ಓಟದವರ ಹೆಸರು ಓದತೊಡಗಿದರು.

ಅವಳು ಸೊಂಟದ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತ ಬೇಲಿಯ ಬಳಿಗೆ ಬಂದಳು. ಮುಖ ಕೆಂಡವಾಗಿತ್ತು. ಏನು ಹೇಳಿ ಸಮಾಧಾನ ಮಾಡಲಿ ಎಂದು ನಾನು ಮಾತು ಹುಡುಕುತ್ತಿದ್ದೆ.

‘ಫಸ್ಟ್ ರೌಂಡ್ ತುಂಬಾ ಫಾಸ್ಟ್ ಹೋದೆ ಮಮ್ಮಿ’ ಎಂದಳು, ತನ್ನ ಮೇಲೆ ತಾನೇ ಸಿಡುಕುತ್ತ. ‘ಸ್ಟುಪಿಡ್. ಮುಂದಿನ ಸಲ ಮೊದಲು ಆ ಫಸ್ಟ್ ಬಂದವಳ ಹಿಂದೆ ಇರ್ತೇನೆ, ಲಾಸ್ಟ್ ಇನ್ನೂರು ಮೀಟರಲ್ಲಿ ಜೋರು ಬಿಡ್ತೇನೆ.’

‘ಏನಂದಿ?’

‘ಮುಂದಿನ ಸಲ’ ಎಂದು ಅವಳು ಬೇಲಿಯ ಮೇಲಿಂದ ನೀರಿಗೆ ಕೈ ಚಾಚಿದಳು.